ಬಾತುಕೋಳಿಗೆ ಇಟ್ಟ ಕಣ್ಣು

ಮಾರ್ಚ್ ೬, ಶುಕ್ರವಾರ

"ಹೊಗೆ! ಟೀಚರಮ್ಮಾ, ಕಾಲಿಂದ ಹೊಗೆ ಬರ್ತಾ ಇದೆ!"

ನಾನು ಅಂದದ್ದೇ ತಡ, ಆಸ್ಪತ್ರೆ ಮಂಚದ ಮೇಲೆ ಮಲಗಿದ್ದ ನನ್ನ ಹೆಂಡತಿ ದಡಕ್ಕನೆ ಎದ್ದು ಕೂತಳು. ಕಪ್ಪು ಕನ್ನಡಕ ಒಂದೇ ಕಿವಿಗೆ ಜೋತುಬಿತ್ತು. ಮೊಣಕಾಲು ಬಡಿದು ಕೆಂಪು ದೀಪ ಆ ಕಡೆ ತಿರುಗಿ ಗೋಡೆಗೆ ಚಿಕಿತ್ಸೆ ಕೊಡತೊಡಗಿತು. ಸಿಸ್ಟರ್ ಓಡಿ ಬಂದರು. ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ರಿಟೈರ್ಡ್ ಕಂಡಕ್ಟರ್ "ಹೋಲ್ಡಾನ್! ಹೋಲ್ಡಾನ್!" ಅಂತ ಕೂಗಿದ.

ಹೊಗೆ ಇರಲಿಲ್ಲ. ಆ ದೀಪಕ್ಕೆ ಬಿಸಿಯೇ ಇಲ್ಲ. ಅಂಗೈ ಹಿಡಿದರೆ ಬೆಚ್ಚಗೂ ಆಗುವುದಿಲ್ಲ. ಸುಳ್ಳು ಹೇಳಿದೆ. ಅಲ್ಲೇ ಒಪ್ಪಿಕೊಂಡೆ, ಕೈ ಎತ್ತಿ — ಕ್ಲಾಸಿನಲ್ಲಿ ಎತ್ತುವ ಹಾಗೆ.

"ತಾತ, ನಿಮಗೆ ಎಪ್ಪತ್ತಮೂರೋ, ಏಳೋ?" ಅಂದರು ಸಿಸ್ಟರ್.

"ಏಳು ಮೊದಲು ಬರುತ್ತೆ, ಆಮೇಲೆ ಮೂರು. ನೀವು ಹೇಳಿದ್ದು ಅರ್ಧ ಸರಿ."

ಸಿಸ್ಟರ್ ನಕ್ಕರು. ಟೀಚರಮ್ಮ ನಗಲಿಲ್ಲ. ಮನೆಗೆ ಹೊರಟೆವು. ಮೂರನೇ ಮಹಡಿ, ಲಿಫ್ಟ್ ಇಲ್ಲ, ಐವತ್ತೆರಡು ಮೆಟ್ಟಿಲು — ಒಂದೊಂದನ್ನೂ ಗಟ್ಟಿಯಾಗಿ ಎಣಿಸುತ್ತಾ ಹತ್ತಿದಳು. ಮೇಲೆ ತಲುಪಿದ ಮೇಲೆ ತೀರ್ಪು.

"ಗಾಯ ಮಾಯೋವರೆಗೂ ನಿಮ್ಮ ಚೇಷ್ಟೆಗೆ ರಜೆ."

"ಸಂಬಳ ಸಹಿತವೋ, ರಹಿತವೋ?"

"ಊಟ ರಹಿತ. ಮಾತು ಕೊಡಿ."

ಕೊಟ್ಟೆ. ಕೊಡದಿದ್ದರೆ ಕಾಫಿ ಬರುವ ಲಕ್ಷಣ ಇರಲಿಲ್ಲ.

ಮಾರ್ಚ್ ೭, ಶನಿವಾರ. ಬೆಳಿಗ್ಗೆ

ಇವಳ ಕಾಲಿನ ಪಟ್ಟಿ ಒಗೆದು, ಒಣಗಿಸಿ, ಸುತ್ತಿಟ್ಟದ್ದಾಯಿತು. ದಿನಾ ಇದೇ. ಮೊದಮೊದಲು ನಾನು ಸುತ್ತಿದ್ದು ಹಪ್ಪಳದ ಹಿಟ್ಟಿನ ಉಂಡೆಯ ಹಾಗಿತ್ತಂತೆ. ಈಗ ಕೈ ಕೂತಿದೆ. ಕಾಲಿಗೆ ಪಟ್ಟಿ ಕಟ್ಟುವವನಿಗೆ ತಲೆಗೊಂದು ಪಟ್ಟ ಕಟ್ಟಬೇಕು ಅಂದೆ. "ತಲೆ ಇದ್ದರೆ ತಾನೇ" ಅಂದಳು. ಸದ್ಯ. ಮಾತಿಗೆ ಬಂದಳು.

ಹದಿನಾಲ್ಕು ತಿಂಗಳಾಯಿತು ಈ ಹುಣ್ಣಿಗೆ. ಎಡಗಾಲು, ಒಳಗಡೆ, ಹರಡಿನ ಮೂಳೆಗಿಂತ ಮೇಲೆ. ಮೂವತ್ತನಾಲ್ಕು ವರ್ಷ ಕಪ್ಪುಹಲಗೆ ಮುಂದೆ ನಿಂತು ಗಣಿತ ಹೇಳಿದ ಕಾಲು. ರಕ್ತ ಕೆಳಗೆ ಇಳಿಯುತ್ತೆ, ಮೇಲೆ ಹತ್ತೋಕೆ ಸೋಮಾರಿತನ ಮಾಡುತ್ತೆ ಅಂತ ಡಾಕ್ಟರಮ್ಮ ಹೇಳಿದರು. ನಮ್ಮ ಮಹಡಿ ಮೆಟ್ಟಿಲ ವಿಷಯದಲ್ಲಿ ನನ್ನದೂ ಅದೇ ಕಾಯಿಲೆ.

ಈಗ ಹೊಸದು ಈ ಬೆಳಕು. ವಾರಕ್ಕೆ ಎರಡು ಸಲ. ಕಾಲಿಗೆ ಕಾಲು ಗಂಟೆ. "ಹುಣ್ಣಿಗೆ ಹುಣ್ಣಿಮೆ!" ಅಂದೆ ಮೊದಲ ದಿನ. ಡಾಕ್ಟರಮ್ಮನ ತುಟಿ ಒಂಚೂರು ಅಲ್ಲಾಡಿತು. ಆಮೇಲೆ ಗಂಭೀರವಾಗಿ: "ಬೆಳಕು ಸಹಾಯ ಅಷ್ಟೇ, ಯಜಮಾನ್ರೇ. ಎಲ್ಲರಿಗೂ ಕೆಲಸ ಮಾಡುತ್ತೆ ಅಂತ ಗ್ಯಾರಂಟಿ ಇಲ್ಲ. ಪಟ್ಟಿ ಬಿಗಿಯಾಗಿರಬೇಕು, ಕಾಲು ಮೇಲಿಟ್ಟಿರಬೇಕು. ನಾಲ್ಕು ವಾರ ನೋಡೋಣ. ಕಮ್ಮಿ ಆಗ್ತಾ ಇದ್ದರೆ ಮುಂದುವರಿಸೋಣ. ಇಲ್ಲದಿದ್ದರೆ ತೊಡೆಯ ಚರ್ಮ ತೆಗೆದು ಅಂಟಿಸೋದು."

ಕತ್ತಿ ಅಂದರೆ ಇವಳಿಗೆ ನಡುಕ. ತರಕಾರಿ ಹೆಚ್ಚುವ ಚಾಕು ಬಿಟ್ಟು ಬೇರೆ ಯಾವ ಚಾಕುವನ್ನೂ ನಂಬುವುದಿಲ್ಲ. ಆ ನಾಲ್ಕು ವಾರಕ್ಕೆ ಜೋತುಬಿದ್ದಿದ್ದಾಳೆ.

ಮಂಗಳವಾರದ್ದು ಬರೆಯಲೇ ಇಲ್ಲ. ಮಾತು ಕೊಟ್ಟದ್ದು ಶುಕ್ರವಾರ, ಹಾಗಾಗಿ ಅದು ಲೆಕ್ಕಕ್ಕಿಲ್ಲ.

ಅವತ್ತು ಬೆಳಕಿನ ಮೊದಲ ದಿನ, ಗಾಯದ ಅಳತೆ ತೆಗೆದರು. ಕ್ಯಾಮೆರಾ ರಿಪೇರಿಗೆ ಹೋಗಿದೆಯಂತೆ. ಅದಕ್ಕೆ ಹಳೇ ಪದ್ಧತಿ — ಗಾಯದ ಮೇಲೆ ಎರಡು ಪದರದ ಪಾರದರ್ಶಕ ಹಾಳೆ ಇಟ್ಟು, ಅಂಚಿನ ಗುಂಟ ಪೆನ್ನಿನಲ್ಲಿ ಗೆರೆ ಎಳೆಯುವುದು. ಅದಕ್ಕೇ ನಾನು ಇಟ್ಟ ಹೆಸರು ಗೆರೆ ಸಿಸ್ಟರ್. ಕೆಳಗಿನ ಪದರ ಕಸಕ್ಕೆ, ಮೇಲಿನದು ಫೈಲಿಗೆ. ಮೊಣಕಾಲು ಯಾವ ಕಡೆ ಅಂತ ಒಂದು ಬಾಣ, ತಾರೀಖು, ಸಹಿ. ಆಮೇಲೆ ಗ್ರಾಫ್ ಹಾಳೆ ಮೇಲಿಟ್ಟು ಚೌಕ ಎಣಿಸುತ್ತಾರೆ.

ಹಾಳೆ ಒಣಗಲಿ ಅಂತ ಟೇಬಲ್ ಮೇಲಿಟ್ಟು, ದೀಪ ಹಚ್ಚಿ, ಪಟ್ಟಿ ತರಲು ಸಿಸ್ಟರ್ ಹೊರಗೆ ಹೋದರು. ಟೀಚರಮ್ಮ ಕಪ್ಪು ಕನ್ನಡಕದಲ್ಲಿ ಚಾವಣಿಗೆ ಮುಖ ಮಾಡಿ ಮಲಗಿದ್ದಾಳೆ. ನಾನು ಕನ್ನಡಕ ಏರಿಸಿ, ದೀಪಕ್ಕೆ ಬೆನ್ನು ಹಾಕಿ ಹಾಳೆ ನೋಡಿದೆ... ಸಾಕ್ಷಾತ್ ಬಾತುಕೋಳಿ! ದುಂಡು ಹೊಟ್ಟೆ, ಕುತ್ತಿಗೆ, ಚೂಪು ಕೊಕ್ಕು. ಕಣ್ಣೊಂದು ಇರಲಿಲ್ಲ.

ಇಟ್ಟೆ.

ಎದ್ದ ಮೇಲೆ ತೋರಿಸಿದರೆ ನಗುತ್ತಾಳೆ ಅಂತ. ನಕ್ಕು ಎಷ್ಟು ದಿನ ಆಗಿತ್ತು. ಅಷ್ಟರಲ್ಲಿ ಕಾರಿಡಾರಿನಲ್ಲಿ ಸಿಸ್ಟರ್ ಯಾರ ಜೊತೆಗೋ ಮಾತಾಡುವ ಧ್ವನಿ. ಸ್ಪಿರಿಟ್ ಹತ್ತಿಯಲ್ಲಿ ಕಣ್ಣು ಒರೆಸಿದೆ. ಕಣ್ಣು ಅರ್ಧ ಉಳಿಯಿತು, ಕೊಕ್ಕಿನ ತುದಿ ಅಳಿಸಿಹೋಯಿತು. ಕೆಟ್ಟಿತು ಕೆಲಸ! ಕಟ್ಟಿನಿಂದ ಹೊಸ ಹಾಳೆ ಎಳೆದೆ. ಒದ್ದೆ ಗೆರೆ ಹೊಸದಕ್ಕೆ ಅಂಟಬಾರದಲ್ಲ — ಹಳೇದನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಹೊಸದನ್ನಿಟ್ಟು ಗೆರೆ ತಿದ್ದಿದೆ. ಬಾಣ, ತಾರೀಖು, ಸಹಿ, ಎಲ್ಲ ಹಾಗೇ. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಅಕ್ಷರದ ಮೊಳೆ ಜೋಡಿಸಿದ ಕೈ. ಬ್ರಹ್ಮನಿಗೂ ಗೊತ್ತಾಗಬಾರದು.

ಸಿಸ್ಟರ್ ಬಂದು ಎಣಿಸಿದರು: ನಲವತ್ತಾರು ಚೌಕ. ಫೈಲಿಗೆ ಸೇರಿಸಿದರು.

ಕೆಟ್ಟ ಬಾತುಕೋಳಿ ನನ್ನ ಜೇಬಿಗೆ. ಈಗ ಈ ಡೈರಿಯೊಳಗೆ ಮಲಗಿದೆ, ಅರ್ಧ ಕಣ್ಣು ತೆರೆದುಕೊಂಡು. ಗಾಯ ಮಾಯ್ದ ದಿನ ಇವಳಿಗೆ ಉಡುಗೊರೆ.

ಮಾರ್ಚ್ ೧೩, ಶುಕ್ರವಾರ

ಆ ಕಾಲು ಗಂಟೆ ಇಬ್ಬರಿಗೂ ಕಪ್ಪು ಕನ್ನಡಕ. ಇಬ್ಬರೂ ಕುರುಡರು. ಮಾತು ಮಾತ್ರ ಓಡಾಡುತ್ತೆ. ವಿಚಿತ್ರ... ಮುಖ ಕಾಣದಿದ್ದರೆ ಇವಳು ಬೇರೆಯೇ ಹೆಂಗಸು.

"ರೀ, ಇದ್ದೀರಾ?"

"ಇಲ್ಲ. ಆಚೆ ಹೋಗಿದ್ದೀನಿ."

"ಬಂದಮೇಲೆ ಹೇಳಿ, ಒಂದು ವಿಷಯ ಮಾತಾಡಬೇಕು."

"ಬಂದೆ."

"ಐವತ್ತೆರಡು ಮೆಟ್ಟಿಲು ಇಳಿದು, ನಾನೇ ಹೋಗಿ, ಅಂಗಡಿಯಿಂದ ಒಂದು ಪ್ಯಾಕೆಟ್ ಹಾಲು ತರಬೇಕು ರೀ. ಅಷ್ಟೇ ಆಸೆ. ನೀವು ತರೋದು ಯಾವಾಗಲೂ ನಿನ್ನೆಯದು."

"ನಿನ್ನೆ ಹಾಲು, ಇವತ್ತು ಮೊಸರು. ದೂರದೃಷ್ಟಿ ಕಣೇ."

ಕೈ ಚಾಚಿದಳು. ಗುರಿ ತಪ್ಪಿ ನನ್ನ ಮೂಗು ಸಿಕ್ಕಿತು. ಅದನ್ನೇ ಹಿಡಿದುಕೊಂಡಳು.

ಮಾರ್ಚ್ ೨೦, ಶುಕ್ರವಾರ

ಗಾಯದ ತಳ ಕೆಂಪಗಿದೆ. ಕೆಂಪಗಿದ್ದರೆ ಒಳ್ಳೇದಂತೆ. ಮೊದಲು ಹಳದಿ ಇತ್ತು. ನೀರು ಸೋರುವುದೂ ಕಮ್ಮಿ. ಮೊದಲು ರಾತ್ರಿಯೊಳಗೆ ಪಟ್ಟಿ ನೆನೆಯುತ್ತಿತ್ತು, ಈಗ ಎರಡು ದಿನ ತಡೆಯುತ್ತೆ. ಬೆಳಕಿಂದಲೋ, ಪಟ್ಟಿಯಿಂದಲೋ, ನಾನು ದಿನವಿಡೀ "ಕಾಲು ಮೇಲೆ, ಕಾಲು ಮೇಲೆ" ಅಂತ ಗಿಳಿಯ ಹಾಗೆ ಕೂಗುವುದರಿಂದಲೋ.

ಮಗಳು ಫೋನ್ ಮಾಡಿದ್ದಳು. "ಕಿತಾಪತಿ ಅಪ್ಪ ಹೇಗಿದ್ದಾರೆ?"

"ಎರಡು ವಾರದಿಂದ ಒಳ್ಳೇ ಹುಡುಗ" ಅಂದಳು ಇವಳು. "ಜ್ವರ ಇದೆಯೋ ಏನೋ ಅಂತ ಹಣೆ ಮುಟ್ಟಿ ನೋಡ್ತಾ ಇರ್ತೀನಿ."

ಕಷ್ಟ ಇದೆ. ಮೊನ್ನೆ ಸಕ್ಕರೆ ಡಬ್ಬಿ ಪಕ್ಕದಲ್ಲೇ ಉಪ್ಪಿನ ಡಬ್ಬಿ ಇತ್ತು. ಎರಡನ್ನೂ ಮುಟ್ಟಲಿಲ್ಲ. ಸಂತರ ಜೀವನ.

ಮಾರ್ಚ್ ೨೭, ಶುಕ್ರವಾರ

ಮಂಗಳವಾರ ಮತ್ತೆ ಅಳತೆ. ಟೀಚರಮ್ಮ ಗ್ರಾಫ್ ಪುಸ್ತಕ ಹುಡುಕಿ ತೆಗೆದಿದ್ದಾಳೆ. ಸಿಸ್ಟರ್ ಲೆಕ್ಕವನ್ನು ತಾನೂ ಒಂದು ಸಲ ತಾಳೆ ನೋಡುತ್ತಾಳಂತೆ. ಪರೀಕ್ಷೆ ಬರೆದವಳೂ ಇವಳೇ, ಪೇಪರ್ ತಿದ್ದುವವಳೂ ಇವಳೇ. ಪಾಸು ಗ್ಯಾರಂಟಿ.

ಮಾರ್ಚ್ ೩೧, ಮಂಗಳವಾರ. ಸಂಜೆ

ಮೂವತ್ತಮೂರು ಚೌಕ. ನಲವತ್ತಾರರಿಂದ ಮೂವತ್ತಮೂರು.

"ಹದಿಮೂರು ಕಮ್ಮಿ ರೀ!" ಅಂದಳು. ಓದುವ ಕನ್ನಡಕದೊಳಗೆ ಕಣ್ಣು ಇಷ್ಟಗಲ. ಸಿಸ್ಟರ್ ಕೈ ಹಿಡಿದು ಕುಲುಕಿದಳು.

ಡಾಕ್ಟರಮ್ಮ ಬಂದರು. ಹಳೇ ಹಾಳೆಯ ಮೇಲೆ ಹೊಸ ಹಾಳೆ ಇಟ್ಟು, ಬಾಣಕ್ಕೆ ಬಾಣ ಕೂಡಿಸಿ, ಕಿಟಕಿ ಬೆಳಕಿಗೆ ಹಿಡಿದರು. ಇನ್ನೊಂದು ಸಲ ಹಿಡಿದರು.

"ಇಲ್ಲಿ ನೋಡಿ. ಈ ಕಡೆ ಒಳಗೆ ಬಂದಿದೆ, ಒಳ್ಳೇದು. ಆದರೆ ಹಿಮ್ಮಡಿ ಕಡೆ ಹಳೇ ಗೆರೆ ದಾಟಿ ಒಂದು ಬೆರಳಗಲ ಆಚೆ ಹೋಗಿದೆ. ಹೊಸ ಜಾಗ."

"ನನಗೆ ಹಾಗೇನೂ ಅನ್ನಿಸಿರಲಿಲ್ಲ ಮೇಡಂ" ಅಂದರು ಸಿಸ್ಟರ್. "ಆದರೆ ದಿನಕ್ಕೆ ಇಪ್ಪತ್ತು ಕಾಲು ನೋಡ್ತೀನಿ... ಗೆರೆ ಸುಳ್ಳು ಹೇಳಲ್ಲ."

ಒಂದು ಕಡೆ ಮಾಯುತ್ತಾ ಇನ್ನೊಂದು ಕಡೆ ಹರಡುವ ಹಳೇ ಹುಣ್ಣನ್ನು ಸುಮ್ಮನೆ ಬಿಡಬಾರದಂತೆ. ಕೆಲವು ಸಲ ಅದರೊಳಗೆ ಬೇರೆ ಏನೋ ಇರುತ್ತಂತೆ. "ಬೇರೆ ಏನೋ" ಅಂದರೆ ಏನು ಅಂತ ಇವಳೇ ನೇರವಾಗಿ ಕೇಳಿದಳು. ಅವರೂ ನೇರವಾಗಿ ಹೇಳಿದರು. ಇರಲಿಕ್ಕಿಲ್ಲ, ಆದರೆ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಬೆಳಕು ಬಂದ್. ಆ ಥರ ಅನುಮಾನ ಇದ್ದಾಗ ಬೆಳಕು ಹಾಕೋ ಹಾಗಿಲ್ಲ. ಶುಕ್ರವಾರ ಅಂಚಿನಿಂದ ಒಂದು ತುಂಡು ಕತ್ತರಿಸಿ ಪರೀಕ್ಷೆಗೆ.

ಮೆಟ್ಟಿಲು ಹತ್ತುವಾಗ ಎಣಿಸಲಿಲ್ಲ.

ಊಟ ಆದಮೇಲೆ ನನ್ನನ್ನು ಕರೆದು ವಾಷಿಂಗ್ ಮೆಷೀನ್ ಮುಂದೆ ನಿಲ್ಲಿಸಿದಳು. "ಇದು ಮೊದಲನೇ ಗುಂಡಿ. ಇದು ಎರಡನೇದು, ಬಿಳಿ ಬಟ್ಟೆಗೆ. ಮೂರನೇದು ನಿಮ್ಮ ಬನಿಯನ್ನಿಗೆ. ಪೌಡರ್ ಇಷ್ಟೇ ಹಾಕಬೇಕು." ಮಗಳಿಗೆ ಯಾವ ಸೀರೆ, ಕಪಾಟಿನ ಬೀಗದ ಕೈ ಎಲ್ಲಿ, ಗ್ಯಾಸ್ ಪುಸ್ತಕ ಎಲ್ಲಿ... ಪಾಠ ಮಾಡುವ ಧ್ವನಿ. ನಾನು ತಲೆ ಆಡಿಸಿದೆ.

ಯಾಕೆ ಹೀಗಾಯಿತೋ ಗೊತ್ತಾಗುತ್ತಿಲ್ಲ.

ಏಪ್ರಿಲ್ ೧, ಬುಧವಾರ. ಬೆಳಿಗ್ಗೆ ೯

ಡೈರಿ ತೆರೆದೆ. ಬಾತುಕೋಳಿ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡೆ. ಆಗ ಹೊಳೆಯಿತು.

ಇದರ ಕೊಕ್ಕು ಹಿಮ್ಮಡಿ ಕಡೆ ಇದೆ. ನಿನ್ನೆಯ ಹೊಸ ಹಾಳೆಯಲ್ಲೂ ಹಿಮ್ಮಡಿ ಕಡೆ. ಫೈಲಿನಲ್ಲಿರುವ, ನಾನು ಬರೆದ ಹಾಳೆಯಲ್ಲಿ ಮಾತ್ರ ಮುಂಗಾಲಿನ ಕಡೆ! ಬೋರಲು ಹಾಕಿ ತಿದ್ದಿದೆನಲ್ಲ — ಇಡೀ ಬಾತುಕೋಳಿ ಮಗ್ಗುಲು ಬದಲಿಸಿತ್ತು. ಬೇರೆ ಯಾರಾದರೂ ಆಗಿದ್ದರೆ ತಾರೀಖು ತಿರುಗಿ ಕಂಡ ತಕ್ಷಣ ಎಚ್ಚರ ಆಗುತ್ತಿದ್ದರು. ಅಚ್ಚಿನ ಮೊಳೆಯಲ್ಲಿ ಅಕ್ಷರವೆಲ್ಲ ಕನ್ನಡಿಯೊಳಗಿನ ಹಾಗೆ ತಿರುಗಿಯೇ ಇರುವುದು. ನಲವತ್ತು ವರ್ಷ ಅದನ್ನೇ ಓದಿದ ನನ್ನ ಕಣ್ಣಿಗೆ ತಿರುಗಿದ್ದೂ ಒಂದೇ, ನೆಟ್ಟಗಿದ್ದದ್ದೂ ಒಂದೇ. ತಾರೀಖನ್ನು ಕಣ್ಣು ನೆಟ್ಟಗೆ ಓದಿತು, ಕೈ ನೆಟ್ಟಗೆ ಬರೆಯಿತು. ಬಾತುಕೋಳಿ ತಿರುಗಿಯೇ ಉಳಿಯಿತು.

ಗಾಯ ಹರಡಿಲ್ಲ. ಎಲ್ಲೂ ಹರಡಿಲ್ಲ. ನನ್ನ ಗೆರೆ ಸುಳ್ಳು ಹೇಳಿದೆ.

ಅದೇ ದಿನ. ಮಧ್ಯಾಹ್ನ

ಓಡಿ ಹೋಗಿ ಹೇಳಿದೆ. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕಾಲಿಟ್ಟು ಬೀನ್ಸ್ ಸೋಸುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು. ಬೀನ್ಸ್ ಪಕ್ಕಕ್ಕಿಟ್ಟಳು.

"ಇವತ್ತು ಯಾವ ತಾರೀಖು ಅಂತ ನನಗೂ ಗೊತ್ತು ರೀ."

ನನಗೆ ಗೊತ್ತೇ ಇರಲಿಲ್ಲ. ಮೇಲೆ ನಾನೇ ಬರೆದಿದ್ದೀನಿ, ಏಪ್ರಿಲ್ ಒಂದು ಅಂತ! ಐವತ್ತು ವರ್ಷ ಈ ಒಂದು ದಿನಕ್ಕೆ ಕಾದು ಕೂತು ಜನರನ್ನು ಗೋಳು ಹುಯ್ದುಕೊಂಡವನು...

"ತಮಾಷೆ ಅಲ್ಲ ಕಣೇ. ಆಣೆಗೂ."

"ನಿಮ್ಮ ಆಣೆಗಳನ್ನ ಪೋಣಿಸಿದರೆ ನಮ್ಮ ಮೆಟ್ಟಿಲಿಗೆ ಕಂಬಿ ಆಗುತ್ತೆ."

ಹಾಳೆ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದನ್ನ ಈಗ ಬರೆದಿರಾ? ನನಗೆ ಸಮಾಧಾನ ಆಗಲಿ ಅಂತ?" ಅಂದಳು. ಕೋಪ ಇಲ್ಲ, ಅದೇ ಕಷ್ಟ. ನನ್ನ ಕೆನ್ನೆ ತಟ್ಟಿದಳು. "ಪಾಪ, ನೀವೂ ಏನು ಮಾಡ್ತೀರ."

ಮಗಳಿಗೆ ಫೋನ್ ಮಾಡಿದೆ. "ಅಪ್ಪಾ, ಪ್ಲೀಸ್. ಇವತ್ತು ಬೇಡ. ಇದರಲ್ಲಿ ಬೇಡ." ಫೋನ್ ಇಟ್ಟೇಬಿಟ್ಟಳು.

ಆಸ್ಪತ್ರೆಗೆ ಓಡಿದೆ. ಬುಧವಾರ ಮಧ್ಯಾಹ್ನ ರಜೆ, ಬಾಗಿಲು ಹಾಕಿತ್ತು. ಹತ್ತು ನಿಮಿಷ ಬಾಗಿಲು ಬಡಿದೆ. ಕಾವಲುಗಾರ "ಗಾಯ ಎಲ್ಲಿದೆ ಅಜ್ಜಾ?" ಅಂತ ಕೇಳಿದ. ತೋರಿಸುವುದಕ್ಕೆ ಏನೂ ಇರಲಿಲ್ಲ.

ಏಪ್ರಿಲ್ ೨, ಗುರುವಾರ

ಬಾಗಿಲು ತೆರೆಯುವ ಮೊದಲೇ ಹೋಗಿ ಕೂತೆ.

"ತಾತ, ಏಪ್ರಿಲ್ ಫೂಲ್ ನಿನ್ನೆಗೇ ಮುಗೀತು" ಅಂದರು ಗೆರೆ ಸಿಸ್ಟರ್, ನಗುತ್ತಾ. ಹಾಳೆ ಕೈಗೆ ಕೊಟ್ಟೆ. ತಮ್ಮದೇ ಅಕ್ಷರ ನೋಡಿದರು. ಮೂರನ್ನು ಅವರು ಬರೆಯುವುದೇ ಒಂದು ಥರ, ಬಾಲ ಒಳಗೆ ಸುತ್ತಿಕೊಂಡಿರುತ್ತೆ. ನಗು ನಿಂತಿತು.

"ಅವತ್ತು ನಾನು ರೂಮು ಬಿಟ್ಟು ಹೋಗಬಾರದಿತ್ತು" ಅಂದರು ಮೆಲ್ಲಗೆ. ಬಯ್ಯಲಿ ಅಂತ ಕಾದೆ. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಡಾಕ್ಟರಮ್ಮ ಬೈದರು. "ಯಜಮಾನ್ರೇ, ನಿಮ್ಮ ತಮಾಷೆಗೆ ನಿಮ್ಮ ಹೆಂಡತಿ ಕಾಲಿನ ಒಂದು ತುಂಡು ಹೋಗ್ತಿತ್ತು. ನನ್ನ ಸಿಸ್ಟರ್ ಮರ್ಯಾದೆ ಹೋಗ್ತಿತ್ತು. ಗೊತ್ತಾಯ್ತಾ?" ಗೊತ್ತಾಯ್ತು ಅಂದೆ. ಜೊತೆಗೆ ಒಂದು ಚೇಷ್ಟೆಯನ್ನೂ ಸೇರಿಸಲಿಲ್ಲ. ಮೊದಲ ಸಲ.

ಆದರೂ ಪೂರ್ತಿ ನಂಬಲಿಲ್ಲ. ಕೊಕ್ಕಿನ ತುದಿ ಅಳಿಸಿಹೋಗಿದೆ. ನಾಳೆ ಅಮ್ಮನನ್ನು ಕರೆತನ್ನಿ, ಕಣ್ಣಾರೆ ನೋಡಿ ತೀರ್ಮಾನ ಮಾಡ್ತೀನಿ ಅಂದರು.

ಏಪ್ರಿಲ್ ೩, ಶುಕ್ರವಾರ

ಟ್ರೇಯಲ್ಲಿ ಕತ್ತರಿ, ಚಿಮಟ, ಸಣ್ಣ ಬಾಟಲಿ — ಎಲ್ಲ ಜೋಡಿಸಿಟ್ಟಿತ್ತು. ಟೀಚರಮ್ಮ ಆ ಕಡೆ ನೋಡಲಿಲ್ಲ.

"ಮೂರೂ ಹಾಳೆ ಇಲ್ಲಿ ಕೊಡಿ" ಅಂದಳು.

ಮೊದಲು ನಾನು ಬರೆದದ್ದು. ಅದರ ಮೇಲೆ ಕೆಟ್ಟ ಬಾತುಕೋಳಿ. ಕೂಡಲಿಲ್ಲ. ಆಮೇಲೆ ನಾನು ಬರೆದದ್ದನ್ನು ತಿರುಗಿಸಿ ಬೋರಲು ಹಾಕಿದಳು. ಬಾತುಕೋಳಿಯನ್ನು ಮೆಲ್ಲಗೆ ಅದರ ಮೇಲೆ ಜಾರಿಸಿದಳು. ಹೊಟ್ಟೆಗೆ ಹೊಟ್ಟೆ, ಕುತ್ತಿಗೆಗೆ ಕುತ್ತಿಗೆ. ಒಂದೇ ಗೆರೆ. ಕೊನೆಗೆ ಮಂಗಳವಾರದ ಹೊಸದು — ದೊಡ್ಡ ಬಟ್ಟಲೊಳಗೆ ಸಣ್ಣ ಬಟ್ಟಲು ಇಟ್ಟ ಹಾಗೆ ಒಳಗೆ ಕೂತಿತು. ಸುತ್ತ ಎಲ್ಲ ಕಡೆ ಅಷ್ಟಷ್ಟು ಜಾಗ ಬಿಟ್ಟು.

"ಸಾಧಿಸಿದ್ದಾಯ್ತು" ಅಂದಳು. ಗಣಿತದ ಕ್ಲಾಸಿನಲ್ಲಿ ಕೊನೇ ಸಾಲಿಗೆ ಹೇಳುವ ಹಾಗೆ. ಆಮೇಲೆ ಅಳು ಬಂತು. ಸಿಸ್ಟರ್ ಹೆಗಲಿಗೆ ಒರಗಿ ಅತ್ತಳು. ನನ್ನ ಹೆಗಲು ಎರಡಡಿ ದೂರದಲ್ಲಿತ್ತು. ಅದಕ್ಕೆ ಬರಲಿಲ್ಲ.

ಡಾಕ್ಟರಮ್ಮ ಭೂತಗನ್ನಡಿ ಹಿಡಿದು ಅಂಚಿನ ಗುಂಟ ಸುತ್ತಲೂ ನೋಡಿದರು. ಹಿಮ್ಮಡಿ ಕಡೆ ಎರಡು ಸಲ. ಹೊಸ ಚರ್ಮ, ತೆಳ್ಳಗೆ, ಗುಲಾಬಿ. ಕತ್ತರಿಸುವ ಅಗತ್ಯ ಇಲ್ಲ. ಬೆಳಕು ಇವತ್ತಿಂದಲೇ ಮತ್ತೆ.

ನನಗೆ ಎರಡು ಶಿಕ್ಷೆ. ಒಂದು, ಮಾಡಿದ್ದನ್ನು ಬರೆದು ಸಹಿ ಹಾಕಿ ಫೈಲಿಗೆ ಕೊಡುವುದು. "ಸಿಸ್ಟರ್ ತಪ್ಪಿಲ್ಲ" ಅಂತ ಮೂರು ಸಲ ಬರೆದೆ, ಒಂದು ಸಾಕು ಅಂದರು. ಎರಡು, ಬೆಳಕಿನ ರೂಮಿಗೆ ಪ್ರವೇಶ ಇಲ್ಲ. ಹೊರಗೆ ಬೆಂಚು.

ಕಂಡಕ್ಟರ್ ಜಾಗ ಬಿಟ್ಟುಕೊಟ್ಟ. "ಟಿಕೆಟ್ ಇಲ್ಲದೆ ಒಳಗೆ ಹೋಗಿದ್ರಾ?"

ಏಪ್ರಿಲ್ ೧೦, ಶುಕ್ರವಾರ

ಬೆಂಚು. ಮನೆಯಲ್ಲಿ ಬೇಕಾದಷ್ಟೇ ಮಾತು. "ಅನ್ನ." "ಮಾತ್ರೆ." "ಫ್ಯಾನ್." ಪಟ್ಟಿ ಸುತ್ತಿಡುತ್ತೇನೆ. ಬಿಚ್ಚಿ ಇನ್ನೊಂದು ಸಲ ತಾನೇ ಸುತ್ತಿಕೊಳ್ಳುತ್ತಾಳೆ.

ಏಪ್ರಿಲ್ ೧೭, ಶುಕ್ರವಾರ

ಬೆಂಚು.

ಏಪ್ರಿಲ್ ೨೮, ಮಂಗಳವಾರ

ಹದಿನೆಂಟು ಚೌಕ!

ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ಅರ್ಧ ತೆರೆಯಿತು. ಗೆರೆ ಸಿಸ್ಟರ್ ತಲೆ ಹಾಕಿದರು. "ತಾತ, ಬನ್ನಿ. ಅಮ್ಮ ಡಾಕ್ಟರ್ ಹತ್ತಿರ ಪರ್ಮಿಷನ್ ತಗೊಂಡಿದ್ದಾರೆ. ಆದರೆ ಕಂಡೀಷನ್ ಇದೆ."

ಕಂಡೀಷನ್ ಏನೆಂದರೆ — ಎರಡೂ ಕೈ ಜೋಡಿಸಿ ಹಿಡಿಯಬೇಕು. ಸಿಸ್ಟರ್ ಪಟ್ಟಿ ತಂದು ಸುತ್ತತೊಡಗಿದರು. ಮಣಿಕಟ್ಟು, ಬೆರಳು, ಎಲ್ಲ. ಒಂದು ಪದರ, ಎರಡು ಪದರ.

"ಇನ್ನೊಂದು ಸುತ್ತು ಬಿಗಿಯಾಗಿ" ಅಂದಳು ಮಲಗಿದಲ್ಲಿಂದಲೇ ಟೀಚರಮ್ಮ. "ಹೆಬ್ಬೆರಳು ಬಿಟ್ಟಿದ್ದೀರ. ಆ ಒಂದು ಬೆರಳು ಸಾಕು ಇವರಿಗೆ."

ಕೈಗೆ ಪಟ್ಟಿ, ಕಣ್ಣಿಗೆ ಕಪ್ಪು ಕನ್ನಡಕ. ಸ್ಟೂಲಿನ ಮೇಲೆ ಕೂತೆ, ದರೋಡೆಯಲ್ಲಿ ಸಿಕ್ಕಿಬಿದ್ದವನ ಹಾಗೆ. ಹೊರಗಿಂದ ಕಂಡಕ್ಟರ್: "ರೈಟ್, ರೈಟ್!"

ದೀಪ ಹತ್ತಿತು.

"ರೀ, ಇದ್ದೀರಾ?"

"ಇದ್ದೀನಿ."

"ಆ ಬಾತುಕೋಳಿಗೆ ಯಾಕೆ ಕಣ್ಣು ಇಟ್ಟಿರಿ?"

"ನೀನು ನಗಲಿ ಅಂತ."

ಮಂಚ ಕಿರುಗುಟ್ಟತೊಡಗಿತು. ಅಳುತ್ತಿದ್ದಾಳೋ ಅಂತ ಗಾಬರಿ. ಎದ್ದು ಹೋಗೋಣ ಅಂದರೆ ಕೈ ಕಟ್ಟಿದೆ. ಆಮೇಲೆ ಕೇಳಿಸಿತು, ಮೂಗಿನಿಂದ ಹೊರಟು ಗಂಟಲಲ್ಲಿ ಸಿಕ್ಕಿಕೊಳ್ಳುವ ಆ ನಗು. ಎಷ್ಟು ತಿಂಗಳಾಗಿತ್ತು ಕೇಳಿ.

"ಅರ್ಧ ಕಣ್ಣು... ನಿದ್ದೆಗಣ್ಣಿನ ಬಾತುಕೋಳಿ... ಥೇಟ್ ನೀವು, ಬೆಳಿಗ್ಗೆ ಕಾಫಿಗೆ ಮೊದಲು!"

"ಅಲ್ಲಾಡಬೇಡಿ ಅಮ್ಮಾ" ಅಂದರು ಸಿಸ್ಟರ್. ಅವರೂ ನಗುತ್ತಿದ್ದರು.

ಮೇ ೧೯, ಮಂಗಳವಾರ

ನಾಲ್ಕು ಚೌಕ. ಬಾತುಕೋಳಿ ಮೊಟ್ಟೆಯಾಗಿದೆ. ಹಿಂದಕ್ಕೆ ಹಿಂದಕ್ಕೆ ಹೋಗಿ ಇನ್ನು ಹುಟ್ಟೇ ಇಲ್ಲ ಅನ್ನುವ ಹಾಗಾಗಬೇಕು.

ಮಾಯ್ದ ಮೇಲೂ ಪಟ್ಟಿ ಬಿಡುವ ಹಾಗಿಲ್ಲ, ಮತ್ತೆ ಬರಬಹುದು ಅಂತ ಡಾಕ್ಟರಮ್ಮನ ಎಚ್ಚರಿಕೆ. ಬರಲಿ, ನನ್ನ ಕೈ ಕೂತಿದೆಯಲ್ಲ. ಇವಳು ನಾನು ಸುತ್ತಿದ್ದನ್ನು ಈಗ ಬಿಚ್ಚುವುದಿಲ್ಲ.

ಜೂನ್ ೫, ಶುಕ್ರವಾರ. ಬೆಳಿಗ್ಗೆ ೭

ಸೊನ್ನೆ. ಮಂಗಳವಾರ ಸಿಸ್ಟರ್ ಹಾಳೆ ಇಟ್ಟು, ಪೆನ್ನು ಹಿಡಿದು, ಗೆರೆ ಎಳೆಯಲು ಅಂಚು ಸಿಗದೆ ಪೆನ್ನು ಮುಚ್ಚಿದರು. ಖಾಲಿ ಹಾಳೆಗೇ ತಾರೀಖು ಹಾಕಿ ಸಹಿ ಮಾಡಿದರು. ಗಾಯ ಮಾಯ.

ಈಗ ಟೀಚರಮ್ಮ ಹಾಲು ತರಲು ಹೋಗಿದ್ದಾಳೆ. ಒಬ್ಬಳೇ. ನಾನು ಬರಬಾರದು ಅಂತ ಆಜ್ಞೆ. ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡೆ: ಐವತ್ತು, ಐವತ್ತೊಂದು, ಐವತ್ತೆರಡು. ಬೀದಿಗೆ ಇಳಿದು ಮೇಲೆ ನೋಡಿದಳು. ಕೈ ಬೀಸಿದಳು.

ನಾನು ಕೈ ಬೀಸಿ ಬಂದು ಇಲ್ಲಿ ಕೂತಿದ್ದೀನಿ. ಯಾಕೆಂದರೆ ನಿನ್ನೆ ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದಳು. ನಾನು ಪಕ್ಕದ ರೂಮಿನಲ್ಲಿದ್ದೆ. "ನಿಮ್ಮಪ್ಪ ಏನೇ ಕಿತಾಪತಿ ಮಾಡಲಿ ಕಣೇ... ಗೊತ್ತಾದ ನಿಮಿಷಕ್ಕೆ ಓಡಿ ಬಂದು ಹೇಳಿದರು. ನಾನು ನಂಬಲಿಲ್ಲ, ಅದು ನನ್ನ ತಪ್ಪು. ಅವರು ಒಂದು ನಿಮಿಷ ಮುಚ್ಚಿಡಲಿಲ್ಲ. ಅಷ್ಟು ಸಾಕು ನನಗೆ."

ಹಿಂದಿನ ಪುಟ ತಿರುಗಿಸಿ ನೋಡಿದೆ. ಏಪ್ರಿಲ್ ಒಂದು. "ಬಾತುಕೋಳಿ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡೆ. ಆಗ ಹೊಳೆಯಿತು." ಚೆನ್ನಾಗಿ ಬರೆದಿದ್ದೀನಿ.

ಬಿದ್ದಿರಲಿಲ್ಲ. ಬಾತುಕೋಳಿ ಎಲ್ಲೂ ಬೀಳಲಿಲ್ಲ.

ಅದರ ಹಿಂದಿನ ದಿನ, ಆ ಮಂಗಳವಾರವೇ ಗೊತ್ತಾಗಿತ್ತು. ಡಾಕ್ಟರಮ್ಮ ಹಾಳೆ ಮೇಲೆ ಹಾಳೆ ಇಟ್ಟು ಕಿಟಕಿಗೆ ಹಿಡಿದರಲ್ಲ, ಆ ಕ್ಷಣ. ಒಂದು ಕೊಕ್ಕು ಆ ಕಡೆ, ಒಂದು ಕೊಕ್ಕು ಈ ಕಡೆ. ಅವರು ಬಾಯಿ ಬಿಡುವ ಮೊದಲೇ ಗೊತ್ತಾಯಿತು. "ಕ್ಯಾನ್ಸರ್" ಅಂದಾಗಲೂ ಗೊತ್ತಿತ್ತು. ಯಾರಿಗೂ ತಿಳಿಯದ ಹಾಗೆ ಹಾಳೆ ಬದಲಾಯಿಸಿಬಿಡೋದು ಹೇಗೆ ಅಂತ ಲೆಕ್ಕ ಹಾಕುತ್ತಿದ್ದೆ. ಮೆಟ್ಟಿಲು ಎಣಿಸದೆ ಹತ್ತಿದಳಲ್ಲ, ಹಿಂದೆ ಬರುತ್ತಾ ಅದನ್ನೇ ಯೋಚಿಸುತ್ತಿದ್ದೆ. ವಾಷಿಂಗ್ ಮೆಷೀನಿನ ಮೂರನೇ ಗುಂಡಿ ನನ್ನ ಬನಿಯನ್ನಿಗೆ ಅಂತ ಬೆರಳು ಇಟ್ಟು ತೋರಿಸುತ್ತಿದ್ದಾಗ ನನಗೆ ಗೊತ್ತಿತ್ತು. ತಲೆ ಆಡಿಸಿದೆ. ಹೀಗೆ ಇಪ್ಪತ್ತೊಂದು ಗಂಟೆ ಮುಚ್ಚಿಟ್ಟೆ. ಆಡಿದ್ದೆಲ್ಲ ಚೇಷ್ಟೆ. ಮಾಡಿದ ತಪ್ಪು ಇದೊಂದು. ಸುಮ್ಮನಿದ್ದೆ.

ಕೆಳಗೆ ಗೇಟಿನ ಸದ್ದು. ಹತ್ತುತ್ತಿದ್ದಾಳೆ. ಎಣಿಸುವುದು ಕೇಳಿಸುತ್ತಿದೆ — ಮೂವತ್ತು, ಮೂವತ್ತೊಂದು. ಹೇಳಿಬಿಡಬೇಕು. ಕಾಫಿಗೆ ಮೊದಲೇ. ನಲವತ್ತೆಂಟು. ಬಾಗಿಲು ತೆರೆಯೋಕೆ ಏಳ್ತೀನಿ.